ದೇವಸ್ಥಾನದ ಹಿಂಬಾಗಿಲು

ಯಾವ ದೇವಸ್ಥಾನಕ್ಕೆ ಹೋದ್ರೂ ಎಲ್ರ ಕಣ್ಣು ಗರ್ಭಗುಡಿ ಕಡೆ ಹೋಗತ್ತೆ, ನನ್ನ ಮೂಗು ಮಾತ್ರ ಅಡಿಗೆಮನೆ ಕಡೆ. ಬೇಳೆ ಬೆಂದಿದ್ಯಾ, ಸೌದೆ ಒಲೆಯೋ ಗ್ಯಾಸೋ, ಬಡಿಸೋಕೆ ಎಷ್ಟು ಜನ ಇದಾರೆ, ತರಕಾರಿ ಹೆಚ್ಚೋಕೆ ಕೈ ಬೇಕಾ ಅಂತ ವಿಚಾರಿಸ್ಕೊಂಡು ಆಮೇಲೆ ದೇವರಿಗೆ ಕೈಮುಗಿಯೋದು. ಯಜಮಾನ್ರು ಇದ್ದಾಗ "ನಿಂಗೆ ದೇವ್ರು ಸಿಗೋದಾದ್ರೆ ಪಾತ್ರೆ ತೊಳಿಯೋ ಜಾಗದಲ್ಲೇ ಸಿಗ್ತಾನೆ" ಅಂತ ನಗಾಡ್ತಿದ್ರು. ಎಂಬತ್ತರ ಹತ್ರ ಬಂದು ಈಗ ಯೋಚನೆ ಮಾಡಿದ್ರೆ ಅವರು ಹೇಳಿದ್ದು ಸುಳ್ಳೇನಲ್ಲ. ಸಂಸಾರ, ಪೂಜೆ, ಸೇವೆ, ತಿರುಗಾಟ ಅಂತ ಜನ ಬೇರೆಬೇರೆ ಖಾನೆ ಮಾಡಿ ಹೇಳ್ತಾರೆ, ನನ್ನ ಮಟ್ಟಿಗೆ ನಾಲ್ಕೂ ಹೋಗಿ ಸೇರೋದು ಯಾವುದಾದ್ರೂ ಒಂದು ಅಡಿಗೆಮನೆ ಹಿಂಬಾಗಿಲಿಗೇ.

ಇದನ್ನೆಲ್ಲ ಬರಿ ಅಂತ ಗಂಟು ಬಿದ್ದವಳು ಮೊಮ್ಮಗಳು. ಬಾಯಲ್ಲಿ ಹೇಳಿದ್ರೆ ಫೋನೇ ಟೈಪ್ ಮಾಡ್ಕೊಳತ್ತೆ ಅಮ್ಮಮ್ಮ ಅಂದ್ಲು, ಸರಿ ಅಂತ ಹೇಳಿದ್ರೆ ನನ್ನ ತಂಬುಳಿ ಅದಕ್ಕೆ ತಂಬೂರಿ ಆಯ್ತು, ಅಪ್ಪೆಹುಳಿ ಏನಾಯ್ತು ಅಂತ ಹೇಳೋದೇ ಬೇಡ. ಹಾಗಾಗಿ ಒಂದೇ ಬೆರಳಲ್ಲಿ ಕುಟ್ಕೊಂಡು ಕೂತಿದೀನಿ, ತಪ್ಪಿದ್ರೆ ಸುಧಾರಿಸ್ಕೊಳ್ಳಿ.

ನಾನು ಹುಟ್ಟಿದ್ದು ಸ್ವಾತಂತ್ರ್ಯ ಬಂದ ವರ್ಷ, ಶಿರಸಿ ಹತ್ರದ ಒಂದು ಅಡಿಕೆ ತೋಟದ ಮನೆಯಲ್ಲಿ. ಆಗ ನಮ್ಮ ಜಿಲ್ಲೆ ಮುಂಬಯಿಗೆ ಸೇರಿತ್ತು, 1956ರಲ್ಲಿ ರಾಜ್ಯ ಒಂದಾದ್ಮೇಲೆ ಮೈಸೂರಿಗೆ ಬಂದ್ವಿ, ಹಾಗಂತ ನಮ್ಮ ಕೇರಿಲಿ ಯಾರಿಗೂ ವ್ಯತ್ಯಾಸ ಗೊತ್ತಾಗ್ಲಿಲ್ಲ ಬಿಡಿ, ಅಡಿಕೆ ಕೊನೆ ಕೊಯ್ಯೋ ಕಾಲಕ್ಕೆ ಕೊಯ್ದ್ರು, ಮಳೆಗಾಲಕ್ಕೆ ಮುಂಚೆ ಸೊಪ್ಪಿನ ಬೆಟ್ಟದಿಂದ ದರಕು, ಅಂದ್ರೆ ಒಣಗಿದ ಎಲೆ, ತಂದ್ರು. ನಮ್ಮಜ್ಜಿಗೆ ಪ್ರಪಂಚ ಅಂದ್ರೆ ಗೋಕರ್ಣದ ತನಕ. ಶಿವರಾತ್ರಿಗೆ ದೇವಿಮನೆ ಘಟ್ಟ ಇಳಿದು ಎತ್ತಿನ ಗಾಡೀಲಿ ಹೋಗಿದ್ದು, ಕೋಟಿತೀರ್ಥದಲ್ಲಿ ಮಿಂದು, ಮೊದಲು ಗಣಪತಿ ನೋಡಿ ಆಮೇಲೆ ಮಹಾಬಲೇಶ್ವರನ ಹತ್ರ ಹೋಗಿದ್ದು, ಅಲ್ಲಿ ಸಮುದ್ರ ನೋಡಿ ಹೆದರಿ ಕಣ್ಣು ಮುಚ್ಕೊಂಡಿದ್ದು, ಇಷ್ಟನ್ನೇ ಸಾಯೋ ತನಕ ಹೇಳಿದ್ಲು. ಪ್ರತಿ ಸಲ ಗಾಡಿ ಎತ್ತುಗಳ ಬಣ್ಣ ಬೇರೆ ಆಗಿರ್ತಿತ್ತು, ಅದು ಬೇರೆ ವಿಷಯ.

ಬಡಿಸೋದು ನನಗೆ ಕಲಿಸಿದವಳು ಆಯಿ, ಅಂದ್ರೆ ಅಮ್ಮ. ನಮ್ಮ ಕಡೆ ಊಟ ಅಂದ್ರೆ ಗೊತ್ತಲ್ಲ, ಒಂದು ಶ್ರಾದ್ಧಕ್ಕೋ ಉಪನಯನಕ್ಕೋ ಜಗಲಿ ತುಂಬ ಎಲೆ ಹಾಸಿದ್ರೆ ಮೊದಲು ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಆಮೇಲೆ ಅನ್ನ, ತೊವ್ವೆ, ತುಪ್ಪ, ಸಾರು, ಹುಳಿ, ನಡುವೆ ತಂಬುಳಿ, ಹೋಳಿಗೆ, ಅಪ್ಪೆಹುಳಿನ ಅಂಗೈ ಗುಂಡಿ ಮಾಡಿ ಕೈಗೇ ಬಿಡಿಸ್ಕೊಂಡು ಸುರ್ರಂತ ಕುಡಿಯೋದು, ಕೊನೆಗೆ ಮಜ್ಜಿಗೆ. ಯಾರೋ ಒಬ್ರು ಗ್ರಂಥ, ಅಂದ್ರೆ ಊಟದ ನಡುವಿನ ಶ್ಲೋಕ, ಹೇಳಿದ ಕೂಡ್ಲೆ ಎಲ್ರೂ ಹರಹರ ಮಹಾದೇವ ಅಂತ ಕೂಗ್ತಾರೆ, ಆ ಗಲಾಟೆಯಲ್ಲೇ ಸೊಂಟ ಬಗ್ಗಿಸ್ಕೊಂಡು ಸಾಲಿನ ಈ ತುದಿಯಿಂದ ಆ ತುದಿಗೆ ಹೋಗ್ಬೇಕು. ಆಯಿ ಬಾಗಿಲ ಸಂದಿಯಲ್ಲಿ ನಿಂತು "ಕೂಸೇ, ಎಲೆ ನೋಡಿ ಬಡ್ಸು, ಮಖ ನೋಡಿ ಬಡ್ಸಡ" ಅಂತ ಮೆಲ್ಲಗೆ ಹೇಳ್ತಿದ್ಲು. ದೊಡ್ಡ ಮನುಷ್ಯರು ಕೂತಲ್ಲಿ ತುಪ್ಪ ಎರಡು ಚಮಚ, ಮೂಲೆಯಲ್ಲಿ ಕೂತ ಬಡ ನೆಂಟನಿಗೆ ಅರ್ಧ ಚಮಚ ಮಾಡೋ ಕೈಗಳು ಎಲ್ಲ ಮನೇಲೂ ಇರ್ತಾವೆ. ಎಲೆ ನೋಡಿದ್ರೆ ಖಾಲಿಯಾಗಿದ್ದು ಏನು ಅಂತ ಕಾಣತ್ತೆ, ಅಲ್ಲಿಗೆ ಹಾಕಿ ಮುಂದೆ ಹೋದ್ರಾಯ್ತು.

ಆದ್ರೆ ಆಯಿ ಹೇಳಿದ ಎಲೆಗಳೆಲ್ಲ ಜಗಲಿ ಮೇಲಿನವು. ತೋಟದ ಕೆಲಸಕ್ಕೆ ಬರೋರ ಎಲೆ ಅಂಗಳದಲ್ಲಿ, ಅದೂ ನಮ್ಮದೆಲ್ಲ ಮುಗಿದ ಮೇಲೆ. ಅವರು ಕೂರೋ ಹೊತ್ತಿಗೆ ಪಲ್ಯ ತಳ ಹಿಡಿದಿರ್ತಿತ್ತು, ಹೋಳಿಗೆ ಎಣಿಸಿ ಇಟ್ಟಿರ್ತಿದ್ರು. ಹತ್ತು ಹನ್ನೊಂದು ವರ್ಷದಲ್ಲಿ ಇದನ್ನ ಕೇಳಿದ್ದಕ್ಕೆ ನಂಗೆ ಬೈಗುಳ ಸಿಕ್ಕಿತ್ತು, ಉತ್ತರ ಸಿಕ್ಕಿರ್ಲಿಲ್ಲ. ಹಳೇ ಕಾಲ ಚಿನ್ನದ ಕಾಲ ಅಂತ ವಾಟ್ಸಾಪಲ್ಲಿ ದಿನಾ ಬೆಳಿಗ್ಗೆ ಕಳ್ಸೋರಿಗೆ ಆ ಅಂಗಳ ನೆನಪಿದ್ಯಾ ಅಂತ ಕೇಳ್ಬೇಕು ಅನಿಸತ್ತೆ. ಕೇಳಲ್ಲ, ಸುಮ್ನೆ ಅಡ್ಮಿನ್ ಜೊತೆ ಜಗಳ ಯಾಕೆ.

ಆಮೇಲೆ ಟೀಚರ್ ಟ್ರೈನಿಂಗ್ ಮುಗಿಸಿ ಶಿರಸಿಯಲ್ಲಿ ಸ್ವಲ್ಪ ಕಾಲ ಕೆಲಸ ಮಾಡಿದ್ದು. ಆಗ ಸೇವೆ ಅಂತ ಮೊದಲು ಮಾಡಿದ್ದು ಮಾರಿಕಾಂಬೆ ಜಾತ್ರೆಯಲ್ಲಿ. ಶಿರಸಿ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫಾಲ್ಗುಣದಲ್ಲಿ. ರಾತ್ರಿ ದೇವಿ ಕಲ್ಯಾಣ ಆಗತ್ತೆ, ಮರುದಿನ ಬೆಳಿಗ್ಗೆ ರಥ ಹತ್ತಿ ಬಿಡಕಿಬೈಲಿಗೆ ಬರ್ತಾಳೆ, ಅಲ್ಲಿ ಗದ್ದುಗೆ ಮೇಲೆ ಕೂತಿರ್ತಾಳೆ, ಊರಿಗೆ ಊರೇ ಉಡಿ ತುಂಬೋಕೆ ಕ್ಯೂ. ಒಂದು ವಿಷಯ ಹೊರಗಿನವರಿಗೆ ಗೊತ್ತಿರಲ್ಲ, ಜಾತ್ರೆ ಮುಗಿದ ಮೇಲೆ ಚಪ್ಪರಕ್ಕೆ ಬೆಂಕಿ ಹಾಕ್ತಾರೆ, ಯುಗಾದಿ ಬರೋ ತನಕ ಗುಡಿಯಲ್ಲಿ ದೇವಿ ಇರಲ್ಲ, ಯುಗಾದಿ ದಿನ ಮತ್ತೆ ಪ್ರತಿಷ್ಠೆ. ಅಂದ್ರೆ ನಮ್ಮ ಊರಿನ ದೇವಿಗೂ ಕೆಲಸ ಮುಗಿದ ಮೇಲೆ ರಜೆ ಇದೆ, ನಮ್ಮ ಕಡೆ ಹೆಂಗಸರಿಗೇ ಇಲ್ಲ.

ಅಪ್ಪಯ್ಯ ಹೇಳ್ತಿದ್ದ, 1934ರಲ್ಲಿ ಗಾಂಧೀಜಿ ಶಿರಸಿಗೆ ಬಂದಾಗ ಪ್ರಾಣಿಬಲಿ ಕೊಡೋ ಗುಡಿಗೆ ನಾನು ಬರಲ್ಲ ಅಂದಿದ್ರಂತೆ, ಆಮೇಲೆ ಕೋಣನ ಬಲಿ ನಿಂತಿದ್ದು. ಆ ಜಾತ್ರೆಯಲ್ಲಿ ನನ್ನ ಡ್ಯೂಟಿ ಏನೂ ದೊಡ್ಡದಲ್ಲ, ತಪ್ಪಿಸ್ಕೊಂಡ ಮಕ್ಕಳನ್ನ ಮಾತಾಡಿಸ್ಕೊಂಡು ಕೂರೋದು. ಮೈಕಲ್ಲಿ ಹೆಸರು ಕೂಗ್ತಾರೆ, ಅಪ್ಪ ಅಮ್ಮ ಬರೋ ತನಕ ಮಗು ನಮ್ಮ ತೊಡೆ ಮೇಲೆ. ಹೆಸರು ಕೇಳಿದ್ರೆ ಅಳ್ತಾವೆ, ಊರು ಕೇಳಿದ್ರೆ "ನಮ್ಮೂರು" ಅಂತಾವೆ, ಅಪ್ಪನ ಹೆಸರು ಅಂದ್ರೆ "ಅಪ್ಪ". ಒಂದು ತುಂಡು ಬೆಂಡು ಬತ್ತಾಸು ಬಾಯಿಗೆ ಹಾಕಿದ ಮೇಲೆ ಪೂರ್ತಿ ವಂಶಾವಳಿ ಹೇಳ್ತಿದ್ವು. ಆಗಿನಿಂದ ಈಗಿನವರೆಗೂ ನನ್ನ ಅಭಿಪ್ರಾಯ ಒಂದೇ, ಯಾರ ಹತ್ರ ಏನು ಕೇಳ್ಬೇಕಿದ್ರೂ ಮೊದಲು ಆಸ್ರಿಗೆ, ಅಂದ್ರೆ ಕುಡಿಯೋಕೆ ತಿನ್ನೋಕೆ ಏನಾದ್ರೂ, ಕೊಡ್ಬೇಕು.

ಮದುವೆ ಆಗಿ ಕಾರವಾರಕ್ಕೆ ಬಂದೆ. ಯಜಮಾನ್ರಿಗೆ ಸರ್ಕಾರಿ ಕೆಲಸ, ನಂಗೂ ಇಲ್ಲಿ ಪ್ರೈಮರಿ ಶಾಲೆಗೆ ವರ್ಗ ಸಿಕ್ತು. ಘಟ್ಟದ ಮೇಲಿನ ಹುಡುಗಿಗೆ ಕಾರವಾರ ಅಂದ್ರೆ ಬೇರೆ ದೇಶ. ಅಂಗಡೀಲಿ ಕೊಂಕಣಿ, ಬಸ್ಸಲ್ಲಿ ಕೊಂಕಣಿ, ಕ್ಲಾಸಲ್ಲಿ ಮಕ್ಕಳು ಪಾಠ ಕನ್ನಡದಲ್ಲಿ ಓದಿ ಜಗಳ ಕೊಂಕಣೀಲಿ ಆಡೋವು. ಬೆಳಿಗ್ಗೆ ಎದ್ರೆ ಮೀನಿನ ವಾಸನೆ, ಮೊದಲ ತಿಂಗಳು ಮೂಗು ಮುಚ್ಕೊಂಡೇ ಬಟ್ಟೆ ಒಣಗ್ಸಿದೀನಿ, ಆಮೇಲೆ ಅದು ಬರದೇ ಇದ್ದ ದಿನ ಇವತ್ತು ಬೋಟ್ ಹೋಗಿಲ್ವಾ, ಗಾಳಿ ಇದ್ಯಾ ಅಂತ ಚಿಂತೆ ಶುರುವಾಯ್ತು. ಪಕ್ಕದ ಮನೆ ಕ್ರಿಶ್ಚಿಯನ್ ಬಾಯಿ (ಇಲ್ಲಿ ಹೆಂಗಸರನ್ನ ಹಾಗೇ ಕರೆಯೋದು) ನಂಗೆ ಕ್ರಿಸ್ಮಸ್ಸಿಗೆ ನೆವ್ರಿ, ಅಂದ್ರೆ ಹೂರಣ ತುಂಬಿದ ಕರಿಗಡುಬು, ಕೊಡ್ತಿದ್ರು, "ತತ್ತಿ ಹಾಕಿಲ್ಲ, ಪಾತ್ರೆನೂ ಬೇರೆ ಇಟ್ಟಿದ್ದೆ" ಅಂತ ಅವರೇ ಹೇಳ್ತಿದ್ರು, ನಾನು ಕೇಳಿದ್ದೇ ಇಲ್ಲ. ನಾನು ಚೌತಿಗೆ ಪಂಚಕಜ್ಜಾಯ ಕೊಡ್ತಿದ್ದೆ. ಅತ್ತೆ ಮೊದಲು ಮುಖ ಗಂಟು ಹಾಕಿ, ಮೂರನೇ ವರ್ಷಕ್ಕೆ "ಆ ಬಾಯಿ ಕಾಯಿ ಹೂರಣಕ್ಕೆ ಎಂತ ಹಾಕ್ತು ಕೇಳೇ" ಅಂದ್ರು.

ಸದಾಶಿವಗಡಕ್ಕೆ ಹೋಗ್ಬೇಕಿದ್ರೆ ಆಗ ಕಾಳಿ ಹೊಳೆ ದಾಟೋಕೆ ಸೇತುವೆ ಇರ್ಲಿಲ್ಲ, ಕೋಡಿಬಾಗಕ್ಕೆ ಹೋಗಿ ದಾಟ್ಬೇಕು. ಕೋಳಿ, ಸೈಕಲ್ಲು, ಮದುಮಗಳು ಎಲ್ಲ ಒಂದೇ ಬೋಟಲ್ಲಿ. ಆಚೆ ಗುಡ್ಡದ ಮೇಲೆ ದುರ್ಗೆ, ಅಲ್ಲೇ ದರ್ಗಾ ಕೂಡ, ನಮ್ಮ ಜೊತೆ ಬರ್ತಿದ್ದ ಮೀನುಗಾರ ಹೆಂಗಸರು ಎರಡೂ ಕಡೆ ಕೈಮುಗಿದು ಬರ್ತಿದ್ರು, ಅವರಿಗೆ ಅದರಲ್ಲಿ ಯೋಚನೆ ಮಾಡೋ ಅಂಥದ್ದು ಏನೂ ಕಾಣ್ತಿರ್ಲಿಲ್ಲ. ಪುಷ್ಯ ಹುಣ್ಣಿಮೆಗೆ ಕೂರ್ಮಗಡ ನಡುಗಡ್ಡೆಯ ನರಸಿಂಹನ ಜಾತ್ರೆ, ಮೀನುಗಾರರ ಬೋಟಲ್ಲೇ ಹೋಗೋದು, ಬಾಳೆಗೊನೆ ಹರಕೆ. 2019ರ ಜನವರೀಲಿ ಆ ಜಾತ್ರೆಯಿಂದ ವಾಪಸ್ ಬರೋ ಬೋಟ್ ಮುಳುಗಿ ಎಷ್ಟೋ ಜೀವ ಹೋಯ್ತು, ಮಕ್ಕಳು ಬೇರೆ. ಆ ವಾರ ಊರಲ್ಲಿ ಯಾರ ಮನೇಲೂ ಸರಿಯಾಗಿ ಒಲೆ ಉರೀಲಿಲ್ಲ. ಅದರ ಬಗ್ಗೆ ಜಾಸ್ತಿ ಬರಿಯೋಕೆ ನನ್ನಿಂದ ಆಗಲ್ಲ.

ಸೀಬರ್ಡ್ ನೌಕಾನೆಲೆ ಬಂದಾಗ ನನ್ನ ಸೇವೆ ಅಡಿಗೆಮನೆ ಬಿಟ್ಟು ಅರ್ಜಿ ಬರಿಯೋ ಕಡೆ ಹೋಯ್ತು. 1986ರಲ್ಲಿ ರಾಜೀವ್ ಗಾಂಧಿ ಬಂದು ಶಂಕುಸ್ಥಾಪನೆ ಮಾಡಿದ್ರು, 2005ರಲ್ಲಿ ಐಎನ್‌ಎಸ್ ಕದಂಬ ಅಂತ ಶುರುವಾಯ್ತು. ಇವೆರಡರ ಮಧ್ಯದ ವರ್ಷಗಳಲ್ಲಿ ಅರ್ಗಾ, ಬಿಣಗಾ ಕಡೆಯ ಜನ ಮನೆ, ತೆಂಗಿನ ಮರ, ದೇವರ ಕಟ್ಟೆ ಬಿಟ್ಟು ಎದ್ದು ಬಂದ್ರು. ದೇಶಕ್ಕೆ ಬೇಕಿತ್ತು, ಅದನ್ನ ಯಾರೂ ಇಲ್ಲ ಅನ್ನಲ್ಲ. ಆದ್ರೆ ಸಮುದ್ರದ ಎದುರು ಬಲೆ ಒಣಗ್ಸ್ಕೊಂಡಿದ್ದವನಿಗೆ ಒಳಗಡೆ ಸೈಟು ಕೊಟ್ರೆ ಅವನು ಏನು ಮಾಡ್ಬೇಕು. ಪರಿಹಾರದ ಕೇಸುಗಳು ದಶಕಗಟ್ಲೆ ಎಳೆದ್ವು. ಶಾಲೆ ಬಿಟ್ಟ ಮೇಲೆ ಸಂಜೆ ಹೆಂಗಸರು ಕಾಗದದ ಗಂಟು ಹಿಡ್ಕೊಂಡು ಮನೆಗೆ ಬರ್ತಿದ್ರು, ಯಾಕಂದ್ರೆ ಅವರ ಮಕ್ಕಳು ನನ್ನ ಕ್ಲಾಸಲ್ಲಿ ಓದಿದ್ರು, ಟೀಚರ್ ಬಾಯಿಗೆ ಬರಿಯೋಕೆ ಬರತ್ತೆ ಅಂತ. ಮನೆಯಲ್ಲಿ ತೆಂಗು ಎಷ್ಟು, ಬಾವಿ ಇತ್ತಾ, ಗೋಡೆ ಮಣ್ಣಿನದಾ ಕಲ್ಲಿನದಾ, ಇವನ್ನೆಲ್ಲ ಕೇಳಿ ಬರಿಬೇಕು. ಒಬ್ಬಜ್ಜಿ ತೆಂಗಿನ ಮರಗಳನ್ನ ಹೆಸರಿಟ್ಟು ಹೇಳ್ತಿದ್ಲು, ಇದು ದೊಡ್ಡ ಮಗ ಹುಟ್ಟಿದಾಗ ನೆಟ್ಟಿದ್ದು, ಇದು ಎರಡನೆಯವಳು, ಇದು ಸತ್ತುಹೋದವನದು. ಫಾರಮ್ಮಲ್ಲಿ "ಫಲ ಕೊಡುವ ಮರ, ಸಂಖ್ಯೆ" ಅಂತ ಒಂದೇ ಕಾಲಂ. ನಾನು ಸಂಖ್ಯೆ ಬರ್ದೆ. ಮತ್ತೇನು ಮಾಡೋದು. ಅಲ್ಲಿಂದ ಎದ್ದವಳು ಬಾಗಿಲ ಹತ್ರ ನಿಂತು "ಜೇವಣ್ ಜಾಲೆ?" ಅಂತ ನನ್ನನ್ನೇ ಊಟ ಆಯ್ತಾ ಕೇಳಿದ್ಲು.

ತಿರುಗಾಟದ ಕಥೆ. ಯಜಮಾನ್ರಿಗೆ ಮ್ಯಾಪ್ ಹುಚ್ಚು, ಅತ್ತೆಗೆ ಕಾಶಿ ಹುಚ್ಚು, ನಂಗೆ ಮನೆಯಿಂದ ಹೊರಗೆ ಬಿದ್ರೆ ಸಾಕು ಅನ್ನೋ ಹುಚ್ಚು, ಹೀಗೆ ಮೂರೂ ಸೇರಿ ನಮ್ಮ ಪ್ರವಾಸ. ಕೊಂಕಣ ರೈಲು ಬರೋ ಮುಂಚೆ ಎಲ್ಲಿಗೆ ಹೋಗ್ಬೇಕಿದ್ರೂ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಬಸ್ಸು, ಅಲ್ಲಿಂದ ಟ್ರೇನು. ಘಟ್ಟದಲ್ಲಿ ವಾಂತಿ ಮಾಡದೇ ಇದ್ದ ಮಗು ನಮ್ಮ ಜಿಲ್ಲೇಲಿ ಹುಟ್ಟಿಲ್ಲ. 1998ರ ಜನವರಿ 26ಕ್ಕೆ ಕೊಂಕಣ ರೈಲು ಪೂರ್ತಿ ಶುರುವಾದಾಗ ಶಿರವಾಡದ ಸ್ಟೇಷನ್ನಿಗೆ ಬರೀ ಟ್ರೇನ್ ನೋಡೋಕೆ ಅಂತ ಜನ ಹೋಗ್ತಿದ್ರು, ನಾವೂ ಹೋಗಿದ್ವಿ, ಹತ್ತೋಕಲ್ಲ, ನೋಡೋಕೆ. ಅಂಕೋಲಾ ಹುಬ್ಬಳ್ಳಿ ಲೈನೂ ಅದೇ ಕಾಲದಲ್ಲಿ ಮಂಜೂರಾಗಿದ್ದು, ಇನ್ನೂ ಬರತ್ತೆ ಬರತ್ತೆ ಅಂತಿದಾರೆ. ಕಾಡು ಹೋಗತ್ತೆ ಅನ್ನೋರ ಮಾತೂ ಸರಿ, ರೋಗಿನ ಹುಬ್ಬಳ್ಳಿಗೆ ಒಯ್ಯೋರ ಕಷ್ಟವೂ ಸರಿ, ನಾನು ಈ ಜಗಳದಲ್ಲಿ ಯಾವ ಕಡೆಗೂ ಸೇರಿಲ್ಲ, ಸೇರೋ ಅಷ್ಟರಲ್ಲಿ ವಯಸ್ಸಾಯ್ತು.

ಕಾಶಿಗೆ ಅತ್ತೆನ ಕರ್ಕೊಂಡು ಹೋದ್ವಿ. ಅಲ್ಲಿ ಇಷ್ಟವಾದ ಒಂದು ಹಣ್ಣೋ ತರಕಾರಿನೋ ಬಿಟ್ಟು ಬರ್ಬೇಕು ಅಂತ ಪದ್ಧತಿ. ಅತ್ತೆ ಭಕ್ತಿ ಉಕ್ಕಿ ಹಲಸು ಬಿಟ್ಟೆ ಅಂದುಬಿಟ್ರು. ನಮ್ಮ ಕಡೆಯವರು ಹಲಸು ಬಿಡೋದು ಅಂದ್ರೆ ಸುಮ್ನೆ ಮಾತಲ್ಲ ಮಾರಾಯ್ರೆ, ಗುಜ್ಜೆ ಪಲ್ಯ, ತೊಳೆ ಹುಳಿ, ಹಪ್ಪಳ, ಕಡುಬು, ಬೇಳೆ ಸಾರು, ಏಪ್ರಿಲ್‌ನಿಂದ ಆಗಸ್ಟ್ ತನಕ ಮನೆ ನಡೆಯೋದೇ ಅದರಲ್ಲಿ. ಊರಿಗೆ ವಾಪಸ್ ಬಂದು ಮಳೆಗಾಲ ಹಿಡಿದು ಹಪ್ಪಳ ಕರಿಯೋ ವಾಸನೆ ಬಂತು ನೋಡಿ, ಅತ್ತೆ ಪುರೋಹಿತ್ರನ್ನ ಕರೆಸಿ ವಾದ ಶುರುಮಾಡಿದ್ರು, ನಾನು ಬಿಟ್ಟಿದ್ದು ಹಣ್ಣು, ಕಾಯಲ್ಲ, ಹಪ್ಪಳ ಕಾಯಿಂದ ಮಾಡೋದು. ಪುರೋಹಿತ್ರು ಜಾಣರು, ಹಪ್ಪಳ ತಿಂತಾ ತಿಂತಾನೇ ಹೌದು ಅಡ್ಡಿಲ್ಲೆ ಅಂದ್ರು.

ಕಾಶಿಯಲ್ಲಿ ವಿಶ್ವನಾಥನ್ನ ನೋಡಿದ್ದು ತಳ್ಳಾಟದಲ್ಲಿ ಒಂದು ಕ್ಷಣ, ಏನು ನೋಡಿದೆ ಅಂತ ಕೇಳಿದ್ರೆ ಹೇಳೋಕೂ ಬರಲ್ಲ. ಪಕ್ಕದಲ್ಲೇ ಅನ್ನಪೂರ್ಣೆ ಗುಡಿ, ಅಲ್ಲಿ ಅನ್ನಕ್ಷೇತ್ರ. ನನ್ನ ಮೂಗು ಹಿಡ್ಕೊಂಡು ಹೋಯ್ತು. ಶಿವನೇ ಭಿಕ್ಷಾಪಾತ್ರೆ ಹಿಡ್ಕೊಂಡು ಅನ್ನಪೂರ್ಣೆ ಮುಂದೆ ನಿಂತ ಕಥೆ ಇದ್ಯಲ್ಲ, ಅದು ಕಾಶಿಯವರಿಗೆ ಕಥೆ ಅಲ್ಲ, ದಿನಾ ಮಧ್ಯಾಹ್ನದ ವಿಷಯ. ದೇಶದ ಯಾವ್ಯಾವ ಮೂಲೆಯವರೋ ಒಂದೇ ಸಾಲಲ್ಲಿ ಕೂತು ಉಣ್ತಿದ್ರು. ನಂಗೆ ಆಗ ನಮ್ಮನೆ ಅಂಗಳ ನೆನಪಾಗಿ ಅನ್ನ ಗಂಟಲಲ್ಲಿ ಇಳೀಲಿಲ್ಲ.

ಅಲ್ಲಿಂದ ಗಂಗೆ ನೀರು ತಾಮ್ರದ ಗಿಂಡೀಲಿ ಸೀಲ್ ಮಾಡ್ಕೊಂಡು ತಂದು ರಾಮೇಶ್ವರಕ್ಕೆ ಒಯ್ದು ಅಭಿಷೇಕ ಮಾಡಿಸ್ಬೇಕು, ಅಲ್ಲಿಯ ಮರಳು ತಂದು ಪ್ರಯಾಗದಲ್ಲಿ ಬಿಡ್ಬೇಕು, ಹಿಂದೂ ಮುಂದೂ ಓಡಾಡಿಸೋ ವ್ರತ ಇದು, ಹಳೇ ಕಾಲದವರು ಬೇಕಂತಲೇ ಮಾಡಿದಾರೆ ಅನಿಸತ್ತೆ, ಇಲ್ಲಾಂದ್ರೆ ನಮ್ಮಂಥವರು ಮನೆ ಬಿಟ್ಟು ಹೊರಡ್ತಿದ್ರಾ. ಪಾಂಬನ್ ಹಳೇ ಸೇತುವೆ, 1914ರದ್ದು, ಅದರ ಮೇಲೆ ಟ್ರೇನ್ ನಡಕೊಂಡು ಹೋಗೋ ಸ್ಪೀಡಲ್ಲಿ ಹೋಗ್ತಿತ್ತು, ಕಿಟಕಿಯಿಂದ ಕೆಳಗೆ ನೋಡಿದ್ರೆ ಬರೀ ನೀರು. ಈಗ ಹೊಸ ಸೇತುವೆ ಆಗಿದೆ, 2025ರಲ್ಲಿ, ಹಡಗು ಬಂದ್ರೆ ಮಧ್ಯದ ಭಾಗ ಲಿಫ್ಟ್ ಥರ ಮೇಲೆ ಏಳತ್ತಂತೆ. ರಾಮೇಶ್ವರದ ಗುಡಿ ಒಳಗೆ 22 ತೀರ್ಥ, ಒಂದೊಂದು ಬಾವಿ ಹತ್ರನೂ ಒಬ್ಬ ಹುಡುಗ ಬಕೆಟ್ಟಲ್ಲಿ ನೀರು ಸೇದಿ ತಲೆ ಮೇಲೆ ದಬದಬ ಸುರೀತಾನೆ, ಒದ್ದೆ ಸೀರೇಲಿ ಮುಂದಿನ ಬಾವಿಗೆ ಓಟ. ಎಪ್ಪತ್ತು ದಾಟಿದ ಅತ್ತೆ ಎಲ್ಲದಕ್ಕೂ ಮುಂದೆ. ಮನೇಲಿ ಸೊಂಟನೋವು ಅಂತ ಒಂದು ಚೊಂಬು ಎತ್ತದವರು.

ಇನ್ನೊಂದು ಜಾಗ ಹೇಳ್ಲೇಬೇಕು, ಅಮೃತಸರ. ನಾವು ಹೋಗಿದ್ದು ವಾಘಾ ಬಾರ್ಡರ್ ನೋಡೋಕೆ, ಯಜಮಾನ್ರ ಆಸೆ ಅದು. ಸ್ವರ್ಣಮಂದಿರದ ಲಂಗರ್ ಅಂದ್ರೆ ಹಗಲು ರಾತ್ರಿ ನಿಲ್ಲದ ಅಡಿಗೆಮನೆ, ಯಾರು ಬೇಕಾದ್ರೂ ಬಂದು ಉಣ್ಬೋದು, ಯಾರು ಬೇಕಾದ್ರೂ ಬಂದು ಕೆಲಸ ಮಾಡ್ಬೋದು. ಎಲ್ರೂ ನೆಲದ ಮೇಲೆ ಒಂದೇ ಸಾಲು. ಅಲ್ಲಿ ರೊಟ್ಟಿ ಬಡಿಸೋವಾಗ ತಟ್ಟೆಗೆ ಹಾಕಲ್ಲ, ನಾವು ಎರಡೂ ಕೈ ಚಾಚಿ ಇಸ್ಕೊಬೇಕು. ನಮ್ಮ ಸಾಲಲ್ಲಿ ಕೋಟು ಟೈ ಹಾಕ್ಕೊಂಡ ಒಬ್ರು, ಯಾವುದೋ ದೊಡ್ಡ ಆಫೀಸರ್ ಇದ್ದ ಹಾಗಿತ್ತು, ಒಂದೇ ಕೈ ಚಾಚಿದ್ರು, ಬಡಿಸೋ ಹುಡುಗ ಏನೂ ಹೇಳ್ದೆ ಸುಮ್ನೆ ನಿಂತ. ಅವರು ಇನ್ನೊಂದು ಕೈಯಲ್ಲಿದ್ದ ಫೋನ್ ಕೆಳಗಿಟ್ಟು ಎರಡೂ ಕೈ ಚಾಚಿದ ಮೇಲೇ ರೊಟ್ಟಿ ಬಂತು. ನನ್ನ ಆಯಿ ಇದ್ದಿದ್ರೆ ಆ ಹುಡುಗನ ಬೆನ್ನು ತಟ್ತಿದ್ಲು.

ಊಟ ಆದ್ಮೇಲೆ ನಾನು ರೊಟ್ಟಿ ಲಟ್ಟಿಸೋ ಕಡೆ ಹೋಗಿ ಕೂತೆ. ನಮ್ಮ ಕಡೆಯವರಿಗೆ ದೋಸೆ ಎರಿಯೋದು ಗೊತ್ತು, ಗೋಧಿ ಹಿಟ್ಟಿನ ಸಹವಾಸ ಅಷ್ಟಕ್ಕಷ್ಟೇ, ನಾನು ಲಟ್ಟಿಸಿದ್ದು ಒಂದೂ ದುಂಡಗೆ ಬರ್ಲಿಲ್ಲ. ಪಕ್ಕದಲ್ಲಿದ್ದ ಪಂಜಾಬಿ ಅಜ್ಜಿ ನಂದನ್ನ ಎತ್ತಿ ನೋಡಿ, ಏನೋ ಹೇಳಿ ನಕ್ಕು, ಅದನ್ನೇ ರಾಶಿ ಮೇಲೆ ಹಾಕಿದ್ರು. ಅವರ ಭಾಷೆ ನಂಗೆ ಬರಲ್ಲ, ನಂದು ಅವರಿಗೆ ಬರಲ್ಲ, ಆದ್ರೂ ಎರಡು ಗಂಟೆ ಮಾತಾಡಿದೀವಿ. ಮಕ್ಕಳೆಷ್ಟು ಅಂತ ಬೆರಳಲ್ಲಿ, ಮೊಣಕಾಲು ನೋವು ಅಂತ ಮುಖದಲ್ಲಿ. ಯಜಮಾನ್ರು ಹುಡುಕಿ ಹುಡುಕಿ ಸಾಕಾಗಿ ಬಂದು ನೋಡಿದ್ರೆ ನಾನು ಹಿಟ್ಟಿನ ಮಧ್ಯೆ. ವಾಘಾ ತಪ್ಪಿಹೋಗಿತ್ತು, ಮರುದಿನ ಹೋದ್ವಿ, ಎರಡೂ ಕಡೆ ಕಾಲು ಎತ್ತಿ ಎತ್ತಿ ನೆಲಕ್ಕೆ ಬಡಿತಾರೆ, ಅಷ್ಟೇ, ನಂಗೇನೂ ಅಂಥ ವಿಶೇಷ ಕಾಣ್ಲಿಲ್ಲ.

ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೋದಾಗ್ಲೂ ಹಾಗೇ. ಪಿಟ್ಸ್‌ಬರ್ಗಿನ ಗುಡ್ಡದ ಮೇಲೆ ವೆಂಕಟೇಶ್ವರ ದೇವಸ್ಥಾನ ಇದೆ, 1970ರ ದಶಕದಲ್ಲೇ ಕಟ್ಟಿದ್ದು. ಅಳಿಯ ಭಾನುವಾರ ಕರ್ಕೊಂಡು ಹೋಗ್ತಿದ್ದ. ಅಲ್ಲಿ ಡಾಕ್ಟರು, ಪ್ರೊಫೆಸರು ಎಲ್ಲ ಕೈಗೆ ಗ್ಲೌಸ್ ಹಾಕ್ಕೊಂಡು ಪುಳಿಯೋಗರೆ, ಮೊಸರನ್ನ ಬಡಿಸ್ತಾರೆ. ಗ್ಲೌಸ್ ಹಾಕ್ಕೊಂಡು ಬಡಿಸಿದ್ರೆ ಅನ್ನ ಬಿಸಿ ಇದ್ಯೋ ಇಲ್ವೋ ಹೇಗೆ ಗೊತ್ತಾಗತ್ತೆ ಅಂತ ನಾನು ಕೇಳಿದ್ದು ಅಲ್ಲಿ ಯಾರಿಗೂ ಅರ್ಥ ಆಗ್ಲಿಲ್ಲ. ಅಮೆರಿಕದ ಬಗ್ಗೆ ಬೇರೆ ಹೇಳೋ ಅಂಥದ್ದೇನಿಲ್ಲ, ಚಳಿ, ಮತ್ತೆ ರಸ್ತೇಲಿ ಜನ ಇಲ್ಲ.

2019ರ ಆಗಸ್ಟ್ ಬಗ್ಗೆ ಮಾತ್ರ ಸರಿಯಾಗಿ ಬರಿತೀನಿ. ಘಟ್ಟದ ಮೇಲೆ ಕಂಡಾಪಟ್ಟೆ ಮಳೆ, ಕದ್ರಾ ಡ್ಯಾಮಿಂದ ನೀರು ಬಿಟ್ರು, ಕಾಳಿ ದಂಡೆಯ ಕದ್ರಾ, ಮಲ್ಲಾಪುರ ಕಡೆ ಊರುಗಳಿಗೆ ನೀರು ನುಗ್ತು. ಮೊದಲೆಲ್ಲ ಗಂಜಿ ಕೇಂದ್ರ ಅಂತಿದ್ರು, ಈಗ ಕಾಳಜಿ ಕೇಂದ್ರ ಅಂತಾರೆ, ಶಾಲೆಯ ಹಾಲಲ್ಲಿ ಚಾಪೆ ಹಾಸಿ ಜನ. ನಾವು ಕೆಲವು ರಿಟೈರ್ಡ್ ಟೀಚರುಗಳು ಅಡಿಗೆಗೆ ಅಂತ ಹೋದ್ವಿ. ಹೋಗಿ ನೋಡಿದ್ರೆ ಅಡಿಗೆಗೆ ಜನ ಬೇಕಾದಷ್ಟಿದ್ರು, ಊರಿಂದ ಬಂದ ಬಟ್ಟೆ ಮೂಟೆ ವಿಂಗಡಿಸೋಕೆ ಯಾರೂ ಇಲ್ಲ. ದಾನ ಮಾಡೋ ನಮ್ಮ ಜನರ ಬಗ್ಗೆ ಗೌರವ ಕಡಿಮೆ ಆಗೋದು ಆ ಮೂಟೆ ಬಿಚ್ಚಿದಾಗ. ಗುಂಡಿ ಇಲ್ಲದ ಶರ್ಟು, ಹರಿದ ಒಳಲಂಗ, ಒಂಟಿ ಚಪ್ಪಲಿ, ಮದುವೆಗೆ ಹೊಲಿಸಿದ ಕೋಟು. ಮಳೇಲಿ ನೆಂದು ಬಂದ ಹೆಂಗಸಿಗೆ ಬೇಕಾಗಿದ್ದು ಒಂದು ನೈಟಿ, ಒಳಬಟ್ಟೆ, ಪ್ಯಾಡು. ನಾವು ಫೋನ್ ಮಾಡಿ ಮಾಡಿ ಅಂಗಡಿಯವರಿಗೆ ಅದನ್ನೇ ಕೇಳಿದ್ವಿ, ಅವರು ಕೊಟ್ರು.

ಆಮೇಲೆ ಇನ್ನೊಂದು ಕೆಲಸ ಬಂತು. ಒಬ್ಬಳು ಸೊಂಟದಲ್ಲಿ ಪ್ಲಾಸ್ಟಿಕ್ ಚೀಲ ಕಟ್ಕೊಂಡಿದ್ಲು, ಊಟಕ್ಕೂ ಬಿಚ್ಚಲ್ಲ, ಮಲಗೋವಾಗ್ಲೂ ಬಿಚ್ಚಲ್ಲ. ಕೇಳಿದ್ರೆ ರೇಷನ್ ಕಾರ್ಡು, ಆಧಾರು, ಪಾಸ್‌ಬುಕ್ಕು, ಜಾಗದ ಪಹಣಿ. ಚೀಲದೊಳಗೂ ನೀರು ಹೋಗಿ ಎಲ್ಲ ಮುದ್ದೆ. ನಾನು ಅವಳ ಹತ್ರ ಕೂತು ಒಂದೊಂದೇ ಹಾಳೆ ಬಿಡಿಸಿ ಪೇಪರ್ ಮಧ್ಯೆ ಇಟ್ಟೆ. ಪಾಸ್‌ಬುಕ್ ಹಾಳೆ ಎಳೆದ್ರೆ ಹರಿಯತ್ತೆ, ಬ್ಲೇಡಿನ ತುದೀಲಿ ಮೆಲ್ಲಗೆ ಎಬ್ಬಿಸ್ಬೇಕು, ಪೇಪರ್ ಒದ್ದೆ ಆದ ಕೂಡ್ಲೆ ಬದಲಾಯಿಸ್ಬೇಕು, ಸ್ವಲ್ಪ ಗಟ್ಟಿಯಾದ ಮೇಲೆ ತೆಳು ಬಟ್ಟೆ ಹಾಕಿ ಮೇಲಿಂದ ಇಸ್ತ್ರಿ, ಅದೂ ಕಮ್ಮಿ ಬಿಸಿ. ಅವಳದ್ದು ಸರಿಯಾಯ್ತು ಅಂತ ಗೊತ್ತಾದ ಮೇಲೆ ಸಾಲು ನಿಂತ್ರು. ಶಾಲೆ ಕಾರಿಡಾರ್ ತುಂಬ ಹಗ್ಗ ಕಟ್ಟಿ ಕ್ಲಿಪ್ ಹಾಕಿ ರೇಷನ್ ಕಾರ್ಡು ನೇತುಹಾಕಿದ್ವಿ. ಒಬ್ಬರದ್ದು ಅರ್ಧ ಒಣಗಿದ ಮದುವೆ ಫೋಟೋ, ಗಂಡನ ಮುಖ ಅಳಿಸಿಹೋಗಿತ್ತು, ಅವಳು "ಅಡ್ಡಿಲ್ಲ ಟೀಚರ್, ಅವ್ರು ಇಲ್ಲೇ ಮಲ್ಗಿದಾರಲ್ಲ, ಹೊಸದು ತೆಗಿಸ್ಕೊಳ್ಳೋದು" ಅಂದ್ಲು.

2024 ನಮ್ಮ ಜಿಲ್ಲೆಗೆ ಒಳ್ಳೇದಾಗ್ಲಿಲ್ಲ. ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸೀತು, ಹೆದ್ದಾರಿ ಪಕ್ಕದ ಚಾ ಅಂಗಡಿ, ಜನ, ಲಾರಿ ಎಲ್ಲ ಗಂಗಾವಳಿ ಹೊಳೆಗೆ. ಕುಮಟಾ ಅಂಕೋಲಾ ಓಡಾಡಿದವರೆಲ್ಲ ದಾಟಿದ ಜಾಗ ಅದು. ಮೂರೇ ವಾರಕ್ಕೆ, ಆಗಸ್ಟ್ 7ರ ನಡುರಾತ್ರಿ, ಕಾಳಿ ಹಳೇ ಸೇತುವೆ ಕುಸಿದು ಬಿತ್ತು, ಲಾರಿ ಡ್ರೈವರ್ ಒಬ್ರು ಬದುಕಿ ಬಂದ್ರು. ಬೋಟಲ್ಲಿ ದಾಟ್ತಿದ್ದ ಕಾಲದಿಂದ ಆ ಸೇತುವೆ ಕಟ್ಟಿದ್ದು, ಮುರಿದಿದ್ದು ಎರಡೂ ನೋಡಿದ ಹಾಗಾಯ್ತು. ಶಿರೂರಿಗೆ ನಾನು ಹೋಗ್ಲಿಲ್ಲ, ಮೊಣಕಾಲು ಬಿಡ್ಲಿಲ್ಲ, ಮಕ್ಕಳೂ ಬಿಡ್ಲಿಲ್ಲ. ಮನೇಲಿ ಕೂತು ಅವಲಕ್ಕಿ ಒಗ್ಗರಣೆ ಹಾಕಿ ಪ್ಯಾಕೆಟ್ ಮಾಡಿ ಕಳ್ಸಿದ್ದು ಅಷ್ಟೇ.

ಯಜಮಾನ್ರು ಹೋಗಿದ್ದು ಅದಕ್ಕೂ ಮುಂಚೆ. ಎದೆನೋವು ಅಂತ ಆಂಬುಲೆನ್ಸಲ್ಲಿ ದಕ್ಷಿಣಕ್ಕೆ ಹೊರಟ್ವಿ, ನಮ್ಮ ಜಿಲ್ಲೆಯವರಿಗೆ ಆ ದಾರಿ ಗೊತ್ತು, ದೊಡ್ಡ ಕಾಯಿಲೆ ಅಂದ್ರೆ ಮಂಗಳೂರು, ಮಣಿಪಾಲ, ಇಲ್ಲಾಂದ್ರೆ ಗೋವಾ. ಹೊನ್ನಾವರ ದಾಟೋ ಹೊತ್ತಿಗೆ "ಇಡಗುಂಜಿ ಕ್ರಾಸ್ ಬಂತಾ" ಅಂತ ಕೇಳಿದ್ರು, ಮ್ಯಾಪ್ ಹುಚ್ಚು ಅಲ್ವಾ. ಬಂತು ಅಂದೆ. ಇನ್ನೂ ಬಂದಿರ್ಲಿಲ್ಲ. ಹನ್ನೆರಡನೇ ದಿನದ ಊಟಕ್ಕೆ ನಾನೇ ಬಡಿಸ್ತೀನಿ ಅಂದೆ, ಹಾಗೆಲ್ಲ ಮಾಡೋ ಹಾಗಿಲ್ಲ ಅಂದ್ರು ಹಿರಿಯರು. ಹಿರಿಯರು ಅಂದ್ರೆ ನನಗಿಂತ ಹತ್ತು ವರ್ಷ ಚಿಕ್ಕವರು. ತೋಟದ ಕೆಲಸದವರನ್ನೂ ಜಗಲಿ ಮೇಲೇ ಕೂರಿಸ್ಬೇಕು, ಮೊದಲ ಪಂಕ್ತಿಗೇ, ಅದಾದ್ರೆ ನಾನು ಒಳಗೆ ಸುಮ್ನೆ ಕೂರ್ತೀನಿ ಅಂದೆ. ಸ್ವಲ್ಪ ಗುಸುಗುಸು ಆಯ್ತು. ಮಗ ಎದ್ದು ಹೋಗಿ ಎಲೆ ಹಾಸಿದ.

ದೇವರು ಇದಾನಾ ಅಂತ ಮೊಮ್ಮಗಳು ಕೇಳ್ತಾಳೆ, ಅವಳು ಓದೋದು ಫಿಸಿಕ್ಸು. ನಾನು ದಿನಾ ದೀಪ ಹಚ್ತೀನಿ, ಸಂಕಷ್ಟಿ ಮಾಡ್ತೀನಿ, ಗೋಕರ್ಣದ ಕಡೆ ಹೋದ್ರೆ ಇಳಿದು ಕೈಮುಗೀದೆ ಬರಲ್ಲ, ಆದ್ರೆ ಅವಳ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ, ಹುಡುಕೋಕೂ ಹೋಗಿಲ್ಲ. ಪುಣ್ಯ ಎಷ್ಟು ಜಮಾ ಆಯ್ತು ಅಂತ ಲೆಕ್ಕ ಇಡೋರನ್ನ ಕಂಡ್ರೆ ಮಾತ್ರ ಆಗಲ್ಲ. ಒಬ್ರು ದೇವಸ್ಥಾನಕ್ಕೆ ಕೊಟ್ಟ ಟ್ಯೂಬ್‌ಲೈಟ್ ಮೇಲೆ ಇಡೀ ಕುಟುಂಬದ ಹೆಸರು ಬರೆಸಿದ್ರು, ಬೆಳಕೇ ಬರಲ್ಲ ಅದರಲ್ಲಿ.

ಈಗ ನಮ್ಮೂರಿನ ಹಳ್ಳಿ ಮನೆಗಳಲ್ಲಿ ಬರೀ ನನ್ನಂಥವರು. ಮಕ್ಕಳು ಬೆಂಗಳೂರು, ಇನ್ನೂ ಆಚೆ. ಹಾಗಾಗಿ ಯಾರ ಮನೇಲಿ ಕಾರ್ಯ ಆದ್ರೂ ಕೇಟರಿಂಗು, ಬಡಿಸೋಕೆ ಯೂನಿಫಾರ್ಮ್ ಹುಡುಗ್ರು, ಪಾಪ ಒಳ್ಳೆಯವರೇ, ಆದ್ರೆ ಅವರಿಗೆ ಎಲೆ ನೋಡೋಕೆ ಪುರುಸೊತ್ತಿಲ್ಲ, ಮುಂದಿನ ಪಂಕ್ತಿ ಕಡೆ ಗಮನ. ಊರ ದೇವಸ್ಥಾನದ ವರ್ಧಂತಿಗೆ ಮಾತ್ರ ಇನ್ನೂ ನಾವೇ ಹೆಚ್ಚೋದು, ಬೀಸೋದು, ಬಡಿಸೋದು. ಈ ಸಲದ ಮೀಟಿಂಗಲ್ಲಿ ನಂಗೆ ಬಾಳೆಎಲೆ ಒರೆಸೋ ಕೆಲಸ ಕೊಟ್ಟಿದಾರೆ, ಅದೂ ಪ್ಲಾಸ್ಟಿಕ್ ಕುರ್ಚಿ ಮೇಲೆ ಕೂತು, ಫ್ಯಾನ್ ಕೆಳಗೆ. ಲಿಸ್ಟಲ್ಲಿ ನನ್ನ ಹೆಸರ ಮುಂದೆ "ಕೂತು ಮಾಡುವ ಕೆಲಸ" ಅಂತ ಬ್ರಾಕೆಟ್ ಹಾಕಿದಾರೆ. ಮಜ್ಜಿಗೆನಾದ್ರೂ ಬಡಿಸೋಕೆ ಬಿಡಿ, ಮಜ್ಜಿಗೆ ಕೊನೇಗೆ ಬರೋದು, ಅವಸರ ಇಲ್ಲ, ಪಾತ್ರೆನೂ ಹಗುರ ಅಂತ ಕಾರ್ಯದರ್ಶಿಗೆ ಫೋನ್ ಮಾಡಿದೀನಿ. ನೋಡ್ವ ಅಂದಿದಾನೆ. ಇವತ್ತು ಸಂಜೆ ಮತ್ತೊಂದು ಸಲ ಮಾಡ್ಬೇಕು.